40 ಡಿಗ್ರಿಯ ಕೋಣೆಗೆ ಒಂದು ಕಂಪ್ಯೂಟರ್: ಅರ್ತಿಂಗ್‌ನಿಂದ ಪಾಸ್‌ಕೀವರೆಗೆ

ಬೆಂಚ್‌ಮಾರ್ಕ್ ವಿಡಿಯೊದಲ್ಲಿ ಪ್ರೊಸೆಸರ್ 70 ಡಿಗ್ರಿ ಎಂದು ತೋರಿಸಿದಾಗ, ಆ ಕೋಣೆಯ ಬಿಸಿ ಎಷ್ಟಿತ್ತು ಎಂದು ಹುಡುಕಿ ನೋಡಿ. ಬಹುತೇಕ 21ರಿಂದ 23 ಡಿಗ್ರಿ. ಗಾಳಿಯಿಂದ ತಣಿಯುವ ಯಂತ್ರದಲ್ಲಿ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ, ಆರ್‌ಸಿಸಿ ಛಾವಣಿಯ ಕೋಣೆ 40 ಇದ್ದರೆ ಅದೇ ಪ್ರೊಸೆಸರ್ 88, 90 ಮುಟ್ಟುತ್ತದೆ. ಅಲ್ಲಿಂದ ಮುಂದೆ ಅದು ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ನೀವು ದುಡ್ಡು ಕೊಟ್ಟ ವೇಗ ನಿಮಗೆ ಸಿಗುವುದು ಡಿಸೆಂಬರ್‌ನಲ್ಲಿ ಮಾತ್ರ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕಂಪ್ಯೂಟರ್ ಕಟ್ಟುವವರ ಲೆಕ್ಕ ಹೀಗಾಗಿ ಬೇರೆ. ದುಡ್ಡು ಮೊದಲು ಕಣ್ಣಿಗೆ ಕಾಣದ ಕಡೆ ಹೋಗಬೇಕು: ಅರ್ತಿಂಗ್, ಪವರ್ ಸಪ್ಲೈ, ಯುಪಿಎಸ್, ಗಾಳಿ, ಬ್ಯಾಕಪ್. ಉಳಿದದ್ದರಲ್ಲಿ ವೇಗ ಕೊಳ್ಳಿ. ಬಣ್ಣಬಣ್ಣದ ಲೈಟಿನ ಫ್ಯಾನ್ ಆರು ಹಾಕಿ, ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದ ಪವರ್ ಸಪ್ಲೈ ಜೋಡಿಸುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಮೊದಲು ಗೋಡೆಯ ಪ್ಲಗ್ಗು

ಯಾವ ಭಾಗವನ್ನೂ ಕೊಳ್ಳುವ ಮೊದಲು ಒಂದು ಡಿಜಿಟಲ್ ಮಲ್ಟಿಮೀಟರ್ ತನ್ನಿ. ಎಸಿ ವೋಲ್ಟ್‌ನ ದೊಡ್ಡ ರೇಂಜಿಗೆ (600 ಅಥವಾ 750) ತಿರುಗಿಸಿ, ಕಂಪ್ಯೂಟರ್ ಇಡುವ ಜಾಗದ ಮೂರು ಪಿನ್ ಸಾಕೆಟ್‌ನಲ್ಲಿ ಮೂರು ಅಳತೆ ತೆಗೆದುಕೊಳ್ಳಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ತ್ ನಡುವೆಯೂ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತ್ ನಡುವೆ 2, 3 ವೋಲ್ಟ್ ಮೀರಬಾರದು. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಇದು ಜೀವ ಹೋಗುವ ಕರೆಂಟು.

ನ್ಯೂಟ್ರಲ್–ಅರ್ತ್ ನಡುವೆ 20, 30 ವೋಲ್ಟ್ ಬಂದರೆ ಅರ್ತ್ ಸರಿ ಇಲ್ಲ. ಮನೆಯಲ್ಲಿ ಫ್ರಿಜ್ಜು, ಕೂಲರ್ ಎಲ್ಲ ಓಡುತ್ತಿರುವಾಗಲೂ ಸೊನ್ನೆಯೇ ತೋರಿಸಿದರೆ ಇನ್ನೂ ಎಚ್ಚರ. ಯಾರೋ ಸಾಕೆಟ್ ಒಳಗೇ ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ವೈರ್ ಕಟ್ಟಿ ಕೈತೊಳೆದುಕೊಂಡಿರಬಹುದು. ಆ ನ್ಯೂಟ್ರಲ್ ಎಲ್ಲಾದರೂ ಕಟ್ಟಾದ ದಿನ ನಿಮ್ಮ ಕ್ಯಾಬಿನೆಟ್ಟಿನ ತಗಡಿಗೇ 230 ವೋಲ್ಟ್ ಬರುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದಕ್ಕೂ ಇದೇ ಮೂಲ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಸೋರಿಕೆಯನ್ನು ಅರ್ತ್‌ಗೆ ಕಳಿಸುವಂತೆಯೇ ಕಟ್ಟಿರುತ್ತಾರೆ. ಹೋಗಲು ದಾರಿ ಇಲ್ಲದಾಗ ತಗಡು ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ.

ನಮ್ಮ ಕಡೆಯ ಎರಿ ಭೂಮಿಯದು ಇನ್ನೊಂದು ತಕರಾರು. ಮಳೆಗಾಲದಲ್ಲಿ ಹಸಿ ಎರಿ ಮಣ್ಣು ಅರ್ತಿಂಗಿಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ಅರ್ತ್ ಹಿಡಿತ ಹೋಗುತ್ತದೆ. ಆದ್ದರಿಂದ ಅಳತೆಯನ್ನು ಏಪ್ರಿಲ್‌ನಲ್ಲಿ ತೆಗೆದುಕೊಳ್ಳಿ, ಆಗಸ್ಟ್‌ನಲ್ಲಿ ತೆಗೆದದ್ದನ್ನು ನಂಬಬೇಡಿ. ಗುಂಡಿಯಲ್ಲಿ ಇದ್ದಿಲು, ಉಪ್ಪು ಹಾಕಿಸಿ ಜಿಐ ಪೈಪ್ ಇಳಿಸಿದ್ದರೆ ಫೆಬ್ರವರಿಯಿಂದ ಜೂನ್‌ವರೆಗೆ ವಾರಕ್ಕೆ ಎರಡು ಕೊಡ ನೀರು ಹಾಕಿ. ಬಟ್ಟೆ ಒಗೆದ ನೀರಾದರೂ ನಡೆಯುತ್ತದೆ.

ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ಬರುವ ಲೈನಿನಲ್ಲಿ ನ್ಯೂಟ್ರಲ್ ಕಡಿದಾಗ ಬಲ್ಬು ಒಮ್ಮೆಲೆ ಫಳಫಳ ಉರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಆಗ ಮನೆಗೆ 300, 350 ವೋಲ್ಟ್ ಬಂದಿರಬಹುದು. ಟಿವಿ, ಫ್ರಿಜ್ಜು, ಕಂಪ್ಯೂಟರ್ ಒಟ್ಟಿಗೆ ಸುಡುವುದು ಹೀಗೆಯೇ. ಹತ್ತಿರದ ಅಂಗಡಿಯ ಸ್ಪೈಕ್ ಗಾರ್ಡ್ ಇದನ್ನು ತಡೆಯಲಾರದು. ಅದು ಕ್ಷಣಮಾತ್ರದ ಏರಿಕೆಗೆ ಮಾಡಿದ್ದು. ಮೀಟರ್ ಪಕ್ಕದ ಡಿಬಿ ಬಾಕ್ಸಿನಲ್ಲಿ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ, ಮೇಲಿನ ಮಿತಿ 265, ಕೆಳಗಿನದು 175ಕ್ಕೆ ಇಡಿಸಿ. ಕರೆಂಟ್ ಸರಿಹೋದ ಮೇಲೆ ಒಂದೆರಡು ನಿಮಿಷ ಕಾದು ತಾನೇ ಜೋಡಿಸಿಕೊಳ್ಳುವಂಥದ್ದು ಸಿಗುತ್ತದೆ. ಮನೆಯ ಎಲ್ಲ ಸಾಮಾನಿಗೂ ಇದು ಕಾವಲು.

ಪವರ್ ಸಪ್ಲೈ, ಯುಪಿಎಸ್, ಇನ್ವರ್ಟರ್

ಪವರ್ ಸಪ್ಲೈ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 450 ಎಂದು ಬರೆದಿರುತ್ತದೆ. ಅದನ್ನು ಬಿಟ್ಟು, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಆಂಪ್ ಓದಿ. 18 ಆಂಪ್ ಇದ್ದರೆ 12ರಿಂದ ಗುಣಿಸಿ: 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು ಈ ಸಾಲಿನಿಂದಲೇ. ಒಳ್ಳೆಯ 550 ವ್ಯಾಟಿನದರಲ್ಲಿ ಇದೇ ಸಾಲು 43ರಿಂದ 45 ಆಂಪ್ ಇರುತ್ತದೆ. ಇನ್ನೊಂದು ಸಾಲನ್ನೂ ಹುಡುಕಿ: ಪೂರ್ತಿ ವ್ಯಾಟ್ ಎಷ್ಟು ಡಿಗ್ರಿಯಲ್ಲಿ ಕೊಡುತ್ತದೆ ಎಂಬುದು. ಕೆಲವು 25 ಎನ್ನುತ್ತವೆ, ಒಳ್ಳೆಯವು 40 ಅಥವಾ 50 ಎನ್ನುತ್ತವೆ. ಕರೆಂಟ್ ಎಷ್ಟು ಪೋಲಾಗುತ್ತದೆ ಎಂದು ಅಳೆದು ಕೊಡುವ 80 ಪ್ಲಸ್ ಬ್ರಾಂಜ್ ಮುದ್ರೆಯ ಪರೀಕ್ಷೆ ನಡೆಯುವುದೇ 23 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಮುದ್ರೆ ಒಂದನ್ನೇ ನೋಡಿ ತರುವುದು ನಮ್ಮೂರಿಗೆ ಸಾಲದು.

ಯುಪಿಎಸ್ ಮೇಲೆ ಬರೆಯುವ ವಿಎ ಬೇರೆ, ವ್ಯಾಟ್ ಬೇರೆ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್, 1000 ವಿಎ ಅಂದರೆ 600. ಚಿಕ್ಕದರಲ್ಲಿ 12 ವೋಲ್ಟ್, 7 ಎಎಚ್ ಬ್ಯಾಟರಿ ಒಂದೇ ಇರುತ್ತದೆ, 200 ವ್ಯಾಟ್ ಎಳೆದರೆ ಐದಾರು ನಿಮಿಷ ನಿಲ್ಲುತ್ತದೆ. ಸೇವ್ ಮಾಡಿ ಬಂದ್ ಮಾಡಲು ಅಷ್ಟು ಸಾಕು, ಆಟ ಮುಗಿಸಲು ಸಾಲದು. ಸೀಸದ ಬ್ಯಾಟರಿಯ ಆಯುಷ್ಯ 25 ಡಿಗ್ರಿಗೆ ಲೆಕ್ಕ ಹಾಕಿದ್ದು. ಅಲ್ಲಿಂದ ಪ್ರತಿ 10 ಡಿಗ್ರಿ ಏರಿಕೆಗೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಾಳಿದ ಬ್ಯಾಟರಿ ಸಿಂಧನೂರಿನಲ್ಲಿ ಎರಡಕ್ಕೇ ಕೈಕೊಟ್ಟರೆ ಬ್ಯಾಟರಿಯನ್ನು ಬೈಯಬೇಡಿ. ಯುಪಿಎಸ್ ಅನ್ನು ನೆಲದ ಬಂಡೆಯ ಮೇಲೆ ಇಡಿ, ಕ್ಯಾಬಿನೆಟ್ಟಿನ ಬಿಸಿಗಾಳಿ ಹೊರಬೀಳುವ ಕಡೆ ಬೇಡ. ಮೂರು ತಿಂಗಳಿಗೊಮ್ಮೆ, ಮುಖ್ಯ ಕೆಲಸ ಏನೂ ತೆರೆದಿಲ್ಲದಾಗ ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ.

ಮನೆಯಲ್ಲಿ 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಕಂಪ್ಯೂಟರ್ ತಾಸುಗಟ್ಟಲೆ ಓಡುತ್ತದೆ, ಎರಡು ಷರತ್ತಿನ ಮೇಲೆ. ಒಂದು, ಅದು ಪ್ಯೂರ್ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವ್ ಇದ್ದರೆ ಆ್ಯಕ್ಟಿವ್ ಪಿಎಫ್‌ಸಿಯ (ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟಿನ) ಪವರ್ ಸಪ್ಲೈ ಗುಂಯ್ ಎನ್ನುತ್ತದೆ, ಕೆಲವೊಮ್ಮೆ ಆರಿಹೋಗುತ್ತದೆ. ಎರಡು, ಹಿಂದಿನ ಸ್ವಿಚ್ಚನ್ನು ‘ಯುಪಿಎಸ್ ಮೋಡ್’ಗೆ ಹಾಕಬೇಕು. ಕಂಪ್ಯೂಟರ್ ಪವರ್ ಸಪ್ಲೈ ಕರೆಂಟ್ ಇಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಅಷ್ಟೇ. ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಫ್ಯಾನು, ಲೈಟಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡ್‌ನಲ್ಲಿ ಲೋ ವೋಲ್ಟೇಜ್ ಬಂದಾಗಲೆಲ್ಲ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ, ಆದ್ದರಿಂದ ಡಿಮ್ಮು ಕರೆಂಟಿನ ಊರಲ್ಲಿ ಬ್ಯಾಟರಿ ಬೇಗ ಖಾಲಿ. ಅಂಥ ಕಡೆ ಮುಂದೆ ಒಂದು ಸ್ಟೆಬಿಲೈಸರ್ ಹಾಕಬೇಕಾಗುತ್ತದೆ.

ಮಿಂಚು ಗುಡುಗಿನ ಸಂಜೆ ಪ್ಲಗ್ ಕಿತ್ತಿಡುವವರು ಇಂಟರ್ನೆಟ್ ವೈರ್ ಮರೆಯುತ್ತಾರೆ. ಕೇಬಲ್ ಟಿವಿಯವರ ತಾಮ್ರದ ವೈರ್ ಅಥವಾ ಛಾವಣಿಯಿಂದ ಇಳಿದ ಲ್ಯಾನ್ ವೈರ್ ಇದ್ದರೆ ಅದನ್ನೂ ಕೀಳಿ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹಾಯದು. ಅದರ ಜೊತೆ ಕಂಬದಿಂದ ಬರುವ ಉಕ್ಕಿನ ತಂತಿ ಮಾತ್ರ ಗೋಡೆಯ ಹೊರಗೇ ನಿಲ್ಲಬೇಕು.

ಪ್ರೊಸೆಸರ್ ಮತ್ತು ಗಾಳಿ

ಇಲ್ಲಿಯ ಬಿಸಿಲಿಗೆ ನಮ್ಮ ಒಲವು 65 ವ್ಯಾಟ್ ವರ್ಗದ ಪ್ರೊಸೆಸರ್‌ಗಳ ಕಡೆ. ರೈಜನ್ 5 7600 ಪೂರ್ತಿ ಹೊರೆಯಲ್ಲಿ 88 ವ್ಯಾಟ್‌ವರೆಗೆ ಹೋಗುತ್ತದೆ, ಹಳೆಯ ಎಎಂ4 ಸಾಕೆಟ್ಟಿನ ರೈಜನ್ 5 5600 ಆದರೆ 76. ಇಂಟೆಲ್ ಐ5 12400ರ ಟರ್ಬೊ ಮಿತಿ 117. ಐ7 14700ಕೆ 253 ವ್ಯಾಟ್ ಎಳೆಯಬಲ್ಲದು. ಅಷ್ಟನ್ನೂ ಎಸಿ ಇಲ್ಲದ ಕೋಣೆಗೆ ಸುರಿಯುವುದು ಕಾಲಬುಡದಲ್ಲಿ ಸಣ್ಣ ಹೀಟರ್ ಹಚ್ಚಿದ ಹಾಗೆ. ಇಂಟೆಲ್‌ನ 13, 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಿಗೆ ಹೆಚ್ಚಿನ ವೋಲ್ಟೇಜ್‌ನಿಂದ ಹಾಳಾಗುವ ತೊಂದರೆ ಇತ್ತು. 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅದಕ್ಕೆ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಪ್ರೋಗ್ರಾಂ) ತಿದ್ದುಪಡಿ ಬಂತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಆ ತಿದ್ದುಪಡಿ ಬರುವುದು ಬಯಾಸ್ (ಮದರ್‌ಬೋರ್ಡಿನ ಮೂಲ ಪ್ರೋಗ್ರಾಂ) ಜೊತೆ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬಯಾಸ್ ಅಪ್‌ಡೇಟ್ ಆಗದೆ ವರ್ಷಗಟ್ಟಲೆ ಓಡಿದ್ದನ್ನು ಬಿಟ್ಟುಬಿಡಿ. ತಿದ್ದುಪಡಿ ಮುಂದಿನದನ್ನು ತಡೆಯುತ್ತದೆ, ಆದ ಹಾನಿಯನ್ನು ಸರಿಮಾಡದು.

ಗ್ರಾಫಿಕ್ಸ್ ಕಾರ್ಡಿಗೂ ಇದೇ ಮಾತು. ಆರ್‌ಟಿಎಕ್ಸ್ 4060 ತಿನ್ನುವುದು 115 ವ್ಯಾಟ್, ಅದಕ್ಕಿಂತ ಹಳೆಯ 3060 ತಿನ್ನುವುದು 170. ಯಾವುದೇ ಕಾರ್ಡ್ ಇರಲಿ, ಬೇಸಿಗೆಯಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ತೆರೆದು ಪವರ್ ಲಿಮಿಟ್ ಶೇ 80ಕ್ಕೆ ಇಳಿಸಿ. ಆಟದಲ್ಲಿ ಕಳೆದುಕೊಳ್ಳುವ ಫ್ರೇಮ್ ಕೆಲವೇ ಕೆಲವು, ಇಳಿಯುವ ಬಿಸಿ ಮಾತ್ರ ಕೈಗೆ ಗೊತ್ತಾಗುತ್ತದೆ.

ರ‍್ಯಾಮ್ 16 ಜಿಬಿ, ಒಂದೇ ಕಡ್ಡಿಯ ಬದಲು 8ರ ಎರಡು. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ, ಟಿಎಲ್‌ಸಿ ಚಿಪ್ಪಿನದು, ಮದರ್‌ಬೋರ್ಡ್ ಜೊತೆ ಬರುವ ತಗಡಿನ ಹೀಟ್‌ಸಿಂಕ್ ಕೆಳಗೆ. ಮದರ್‌ಬೋರ್ಡಿನಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ (ಕೆಟ್ಟ ಬಯಾಸನ್ನು ಪೆನ್‌ಡ್ರೈವ್‌ನಿಂದ ಮತ್ತೆ ಬರೆಯುವ) ಬಟನ್ ಇರಲಿ. ಅಪ್‌ಡೇಟ್ ನಡುವೆ ಕರೆಂಟ್ ಹೋಗುವ ಊರಲ್ಲಿ ಅದು ಐಷಾರಾಮ ಅಲ್ಲ.

ಕ್ಯಾಬಿನೆಟ್ ಆರಿಸುವಾಗ ಮುಂಭಾಗ ಗಾಜಿನದು ಬೇಡ, ಸಣ್ಣ ತೂತಿನ ಜಾಲರಿ ಇರಲಿ, ಫಿಲ್ಟರ್ ಕೈಯಿಂದ ಕಳಚಿ ತೊಳೆಯುವಂತಿರಲಿ. ಮುಂದೆ ಗಾಳಿ ಒಳಗೆಳೆಯುವ 120 ಎಂಎಂ ಫ್ಯಾನ್ ಎರಡು ಅಥವಾ ಮೂರು, ಹಿಂದೆ ಹೊರಹಾಕುವುದು ಒಂದೇ. ಒಳಬರುವ ಗಾಳಿ ಹೆಚ್ಚಿದ್ದರೆ ಸಂದುಗೊಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ಫಿಲ್ಟರ್ ದಾಟಿಯೇ ಬರಬೇಕಾಗುತ್ತದೆ. ಹೊರಹಾಕುವ ಫ್ಯಾನೇ ಹೆಚ್ಚಾದರೆ ಪ್ರತಿ ಯುಎಸ್‌ಬಿ ತೂತೂ ಧೂಳಿನ ಬಾಯಿ.

ಧೂಳು ಎಲ್ಲ ಊರಲ್ಲಿ ಒಂದೇ ಅಲ್ಲ. ಸಂಡೂರು, ತೋರಣಗಲ್ಲು ಸುತ್ತ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಿ ಕಡೆ ಕಾರ್ಖಾನೆಗಳ ಕಪ್ಪು ಧೂಳು. ಕಬ್ಬಿಣ, ಇದ್ದಿಲಿನ ಅಂಶ ಇರುವ ಈ ಪುಡಿಗೆ ಮಳೆಗಾಲದ ತೇವ ಸೇರಿದರೆ ಅದು ಕರೆಂಟ್ ಹಾಯಿಸಬಲ್ಲದು. ಬೋರ್ಡಿನ ಮೇಲೆ ಅದು ಕೂರದಂತೆ ನೋಡಿಕೊಳ್ಳುವುದು ಬಿಸಿಯ ಲೆಕ್ಕಕ್ಕಿಂತ ಮುಖ್ಯ. ಶಕ್ತಿನಗರ, ಕುಡಿತಿನಿಯಲ್ಲಿ ಹಾರುಬೂದಿ: ಬಹಳ ಸಣ್ಣದು, ಜಾಲರಿಯಲ್ಲೂ ನುಸುಳುತ್ತದೆ, ಅಲ್ಲಿ ಫಿಲ್ಟರ್ ಮೇಲೆ ಇನ್ನೊಂದು ತೆಳು ನೈಲಾನ್ ಜಾಲರಿ ಹಾಕಿ. ರಾಯಚೂರಿನ ಜಿನ್ನಿಂಗ್ ಮಿಲ್ಲುಗಳ ಹತ್ತಿರ ಹತ್ತಿಯ ಎಳೆ ಒಂದೇ ವಾರದಲ್ಲಿ ಫಿಲ್ಟರಿಗೆ ಕಂಬಳಿ ಹೊದಿಸುತ್ತದೆ. ಗಂಗಾವತಿಯ ರೈಸ್ ಮಿಲ್ ಪಕ್ಕ ಹೊಟ್ಟಿನ ಧೂಳಿನದೂ ಅದೇ ಕಥೆ.

ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ. ಮೂರು ತಿಂಗಳಿಗೊಮ್ಮೆ ಕ್ಯಾಬಿನೆಟ್ಟನ್ನು ಅಂಗಳಕ್ಕೆ ತಂದು ಬ್ಲೋವರ್ ಹಿಡಿಯಿರಿ, ಒಂದಡಿ ದೂರದಿಂದ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು. ಬಿಟ್ಟರೆ ಫ್ಯಾನ್ ಗಿರ‍್ರನೆ ತಿರುಗಿ ತಾನೇ ಡೈನಮೊ ಆಗುತ್ತದೆ, ಬೋರ್ಡಿಗೆ ತಿರುಗಾ ಕರೆಂಟ್ ನುಗ್ಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರು, ಎಣ್ಣೆ ಇರುತ್ತದೆ. ಪವರ್ ಸಪ್ಲೈ ಡಬ್ಬಿ ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್ ದಾಟಿದ ಕರೆಂಟ್ ಉಳಿದಿರಬಹುದು.

ನೀರಿನ ಕೂಲರ್ ಮುಂದೆ ಕಂಪ್ಯೂಟರ್ ಇಡುವವರಿದ್ದಾರೆ. ಕೂಲರ್ ಕೋಣೆಯನ್ನು ತಣಿಸುವುದು ನಿಜ, ಅದು ಉಪಕಾರವೇ. ಆದರೆ ಬೋರ್‌ವೆಲ್ ನೀರಿನ ಸಣ್ಣ ಹನಿಗಳು ಉಪ್ಪಿನ ಸಮೇತ ಬೋರ್ಡಿನ ಮೇಲೆ ಬೀಳುತ್ತವೆ, ಬಿಳಿ ಪೊರೆ ಕಟ್ಟಿ ಚಿಪ್ಪುಗಳ ಲೋಹದ ಕಾಲುಗಳು ತುಕ್ಕು ಹಿಡಿಯುತ್ತವೆ. ಕೂಲರಿನ ನೇರ ಗಾಳಿಗೆ ಅಡ್ಡವಾಗಿ, ಆರೇಳು ಅಡಿ ದೂರ ಇಡಿ, ಎದುರಿನ ಕಿಟಕಿ ತೆರೆದಿಡಿ.

ಕೊಳ್ಳುವುದು, ಜೋಡಿಸುವುದು

ರಾಯಚೂರಿನವರಿಗೆ ಸಿಕಂದರಾಬಾದಿನ ಪಾರ್ಕ್ ಲೇನ್ ಹತ್ತಿರ, ಬಳ್ಳಾರಿಯವರು ಬೆಂಗಳೂರಿನ ಎಸ್‌ಪಿ ರೋಡಿಗೆ ರಾತ್ರಿ ಬಸ್ಸು ಹಿಡಿಯುತ್ತಾರೆ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಪ್ರೊಸೆಸರ್ ಡಬ್ಬಿಯದೋ ‘ಟ್ರೇ’ಯದೋ ಕೇಳಿ: ಟ್ರೇಯದಕ್ಕೆ ಅಂಗಡಿಯವರ ಮಾತೇ ವಾರಂಟಿ. ಮದರ್‌ಬೋರ್ಡ್ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ (ಎಎಂ4 ಬಿಟ್ಟು, ಅದರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲೇ), ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಪಿನ್ನುಗಳ ಸಾಲು ನೋಡಿ. ಒಂದು ಬಾಗಿದ್ದರೂ ಹೊಳಪು ತಪ್ಪಿ ಕಾಣುತ್ತದೆ. ಮನೆಗೆ ತಂದ ಮೇಲೆ ಕಂಡರೆ ವಾರಂಟಿ ಸಿಗದು. ಆ ಮುಚ್ಚಳವನ್ನು ಎಸೆಯಬೇಡಿ, ಬೋರ್ಡ್ ವಾಪಸ್ ಕಳಿಸುವ ದಿನ ಅದನ್ನು ಹಾಕಿಯೇ ಕಳಿಸಬೇಕು.

ಜೋಡಿಸುವ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ, ಎಡವುವ ಜಾಗಗಳನ್ನಷ್ಟೇ ಹೇಳುತ್ತೇವೆ. ಒಣಹವೆಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಹೆಚ್ಚು, ಪಾಲಿಯೆಸ್ಟರ್ ಅಂಗಿ ಬೇಡ. ಪವರ್ ಸಪ್ಲೈಯನ್ನು ಕ್ಯಾಬಿನೆಟ್ಟಿಗೆ ಕೂರಿಸಿ, ಪ್ಲಗ್ ಹಾಕಿ, ಸ್ವಿಚ್ ಆರಿಸಿಟ್ಟು, ಆಗಾಗ ಅದರ ಬರಿ ತಗಡು ಮುಟ್ಟುತ್ತಿರಿ. ಅರ್ತಿಂಗ್ ಸರಿ ಇದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಬೋರ್ಡಿನ ಕೆಳಗಿನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳು ಬೋರ್ಡಿನ ತೂತುಗಳಿಗೆ ಸರಿಯಾಗಿ ಕೂರಬೇಕು, ಹೆಚ್ಚಿಗೆ ಒಂದು ಉಳಿದರೂ ಶಾರ್ಟ್. ರ‍್ಯಾಮ್ ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ ನೋಡಿ. ಪೇಸ್ಟ್ ಬಟಾಣಿ ಕಾಳಿನಷ್ಟು. ಪ್ರೊಸೆಸರಿನ 8 ಪಿನ್ ವೈರ್ ಬೋರ್ಡಿನ ಮೇಲಿನ ಮೂಲೆಯಲ್ಲಿ ಇರುತ್ತದೆ, ಫ್ಯಾನ್ ತಿರುಗಿ ತೆರೆ ಕಪ್ಪಾಗಿದ್ದರೆ ಬಹಳ ಸಲ ಅದನ್ನು ಮರೆತಿರುತ್ತಾರೆ. ಡಿಡಿಆರ್5 ಬೋರ್ಡ್ ಮೊದಲ ಸಲ ರ‍್ಯಾಮ್ ಅಳೆಯಲು ಕೆಲವು ನಿಮಿಷ ಕಪ್ಪು ತೆರೆಯಲ್ಲೇ ಕೂರುತ್ತದೆ. ಗಾಬರಿಯಾಗಿ ಬಂದ್ ಮಾಡಬೇಡಿ.

ಕೊನೆಯ ಪರೀಕ್ಷೆ ಮಧ್ಯಾಹ್ನ ಮೂರಕ್ಕೆ, ಎಸಿ ಇಲ್ಲದೆ. ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕುವ ಸಿನೆಬೆಂಚ್ ಅರ್ಧ ತಾಸು ಓಡಿಸಿ. ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸುವುದು) ಸಾಲಿನಲ್ಲಿ ‘ಯೆಸ್’ ಬಂದರೆ ಬಯಾಸ್‌ನಲ್ಲಿ ಇಕೊ ಮೋಡ್ ಹಾಕಿ, ಇಂಟೆಲ್ ಆದರೆ ಪವರ್ ಮಿತಿಗಳಾದ ಪಿಎಲ್1, ಪಿಎಲ್2 ಎರಡನ್ನೂ 65 ವ್ಯಾಟಿಗೆ ಇಳಿಸಿ.

ಅಂಗಡಿಯವರು ಹಾಕಿಕೊಟ್ಟ ವಿಂಡೋಸ್

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕಾದ್ದರಿಂದ ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಕೊಳ್ಳುವವರು ಇಂಟೆಲ್ 8ನೇ ಪೀಳಿಗೆಗಿಂತ ಹಳೆಯದನ್ನು ಮುಟ್ಟಬೇಡಿ, ರೈಜನ್ ಆದರೆ 2000ದ ಸಾಲಿನಿಂದ ಮುಂದಿನದು (2200ಜಿ, 2400ಜಿ ಬಿಟ್ಟು). ಅದಕ್ಕಿಂತ ಹಳೆಯದು ಈಗಾಗಲೇ ಮನೆಯಲ್ಲಿದ್ದರೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಬ್ರೌಸಿಂಗಿಗೂ ಮಕ್ಕಳ ಓದಿಗೂ ಅದು ಸಾಕು.

ಹೊಸ ಯಂತ್ರದಲ್ಲಿ ಅಂಗಡಿಯವರು ವಿಂಡೋಸ್ ಹಾಕಿಕೊಟ್ಟಿದ್ದರೆ ಅಳಿಸಿ ನೀವೇ ಹಾಕಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವ್ ಮಾಡಿಕೊಂಡರೆ ಒಂದು ತಾಸಿನ ಕೆಲಸ. ಕಾರಣ ಸರಳ: ಕಳ್ಳ ಆಕ್ಟಿವೇಟರ್ ಓಡಿಸಲು ಮೊದಲು ವಿಂಡೋಸ್‌ನ ಆಂಟಿವೈರಸ್ ಆದ ಡಿಫೆಂಡರ್ ಬಂದ್ ಮಾಡುತ್ತಾರೆ, ಆಮೇಲೆ ತೆರೆದರೂ ಒಂದು ಫೋಲ್ಡರನ್ನು ಪರೀಕ್ಷೆಯಿಂದ ಹೊರಗಿಟ್ಟಿರುತ್ತಾರೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್ ನೋಡಿ. ಅಲ್ಲಿ ‘ಸಿ’ ಡ್ರೈವ್ ಹೆಸರೇ ಇದ್ದರೆ ನಿಮ್ಮ ಮನೆಗೆ ಕಾವಲುಗಾರ ಇದ್ದಾನೆ, ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ.

ಅಳಿಸಿ ಹಾಕಿದ ಮೇಲೆ ಮೂರು ಕೆಲಸ. ಬಯಾಸ್‌ನಲ್ಲಿ ಭದ್ರತೆಯ ಕೀಗಳನ್ನು ಕಾಯುವ ಟಿಪಿಎಂ (ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ), ಆನ್ ಆಗುವಾಗ ಕಳ್ಳ ಪ್ರೋಗ್ರಾಂ ನುಸುಳದಂತೆ ತಡೆಯುವ ಸೆಕ್ಯೂರ್ ಬೂಟ್ ಎರಡೂ ಆನ್ ಇರಲಿ. ವಿಂಡೋಸ್ ಅಪ್‌ಡೇಟನ್ನು ನಿಲ್ಲಿಸಬೇಡಿ. 2011ರ ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ, ಹೊಸವು ಅದೇ ದಾರಿಯಲ್ಲಿ ಬರುತ್ತವೆ. ಮೂರನೆಯದು, ದಿನದ ಬಳಕೆಗೆ ಸ್ಟ್ಯಾಂಡರ್ಡ್ ಅಕೌಂಟ್, ಅಡ್ಮಿನ್ ಅಕೌಂಟ್ ಬೇರೆ ಪಾಸ್‌ವರ್ಡಿನಲ್ಲಿ.

ವಿಂಡೋಸ್ 11ರ ಹೊಸ ಆವೃತ್ತಿಗಳು ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದೊಡನೆ ಡಿಸ್ಕನ್ನು ಸದ್ದಿಲ್ಲದೆ ಎನ್‌ಕ್ರಿಪ್ಟ್ ಮಾಡಿಬಿಡುತ್ತವೆ. ಕಳ್ಳನಿಗೆ ಡಿಸ್ಕ್ ಸಿಕ್ಕರೂ ಫೈಲ್ ಸಿಗದು, ಒಳ್ಳೆಯದೇ. ಆದರೆ ಬಯಾಸ್ ಅಪ್‌ಡೇಟ್ ಮಾಡಿದಾಗ ಅಥವಾ ಬೋರ್ಡ್ ಸುಟ್ಟು ಬದಲಿಸಿದಾಗ ನೀಲಿ ತೆರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಫೋಟೊ, ಲೆಕ್ಕಪತ್ರ ಎಲ್ಲ ಹೋದಂತೆ, ಯಾವ ರಿಪೇರಿಯವನೂ ತೆಗೆಯಲಾರ. ಇವತ್ತೇ ಆ ಅಕೌಂಟಿನ ಡಿವೈಸ್ ಪುಟದಿಂದ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಡಿಟಿಪಿ ಅಂಗಡಿಯಿಂದ ವಾಪಸ್ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಕ್ಲಿಕ್ ಮಾಡಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಟ್ಟುಕೊಂಡರೆ ‘ಪಹಣಿ.ಪಿಡಿಎಫ್.ಇಎಕ್ಸ್‌ಇ’ಯ ಬಾಲ ಕಣ್ಣಿಗೆ ಬೀಳುತ್ತದೆ. ಕನ್ನಡ ಟೈಪಿಂಗಿಗೆ ನುಡಿ ಬೇಕಾದರೆ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ಇಳಿಸಿ. ಯೂನಿಕೋಡ್ ಸಾಕು ಎನ್ನುವವರಿಗೆ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ.

ಈಚೆಗೆ ಹೆಚ್ಚಿರುವ ಒಂದು ಮೋಸ: ‘ನೀವು ರೋಬೊ ಅಲ್ಲವೆಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಎಂಟರ್’ ಎನ್ನುವ ಪುಟ. ಹಾಗೆ ಮಾಡಿದರೆ ಕದಿಯುವ ಪ್ರೋಗ್ರಾಂ ಅನ್ನು ನಿಮ್ಮ ಕೈಯಿಂದಲೇ ಓಡಿಸಿದಂತೆ. ಅದು ಬ್ರೌಸರಿನ ಕುಕೀಗಳನ್ನು ಎತ್ತಿಕೊಂಡು ಹೋಗುತ್ತದೆ. ಕುಕೀ ಅಂದರೆ ಆಗಲೇ ಲಾಗಿನ್ ಆದ ಗುರುತು, ಅದಿದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಕ್ರ್ಯಾಕ್ ಮಾಡಿದ ಆಟ, ಫೋಟೊಶಾಪ್‌ಗಳಲ್ಲಿ ಬರುವುದೂ ಇದೇ ಜಾತಿ. ಸಿಕ್ಕಿಬಿದ್ದರೆ ಬೇರೊಂದು ಫೋನಿನಿಂದ ಜಿಮೇಲ್ ತೆರೆದು, ಎಲ್ಲ ಡಿವೈಸ್‌ಗಳಿಂದ ಲಾಗೌಟ್ ಮಾಡಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಸೋಂಕಿದ ಯಂತ್ರದಲ್ಲೇ ಬದಲಿಸಿದರೆ ಹೊಸದೂ ಅವರಿಗೇ.

ರೂಟರ್ ಮತ್ತು ಸಿಸಿಟಿವಿ

ಫೈಬರ್ ಹಾಕಿಕೊಟ್ಟವರು ಬಿಟ್ಟುಹೋದ ಡಬ್ಬಿಯ ಹಿಂದಿನ ಚೀಟಿಯಲ್ಲಿ ಅಡ್ಮಿನ್ ವಿಳಾಸ, ಪಾಸ್‌ವರ್ಡ್ ಇರುತ್ತದೆ. ಒಳಹೊಕ್ಕು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್, ಯುಪಿಎನ್‌ಪಿ, ರಿಮೋಟ್ ಮ್ಯಾನೇಜ್‌ಮೆಂಟ್ ಮೂರನ್ನೂ ಆರಿಸಿ, ವೈಫೈ ಭದ್ರತೆ ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯುಪಿಎ2 ಎಇಎಸ್. ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) 9.9.9.9 ಇಟ್ಟರೆ ಗೊತ್ತಿರುವ ಮೋಸದ ತಾಣಗಳು ತೆರೆಯುವುದೇ ಇಲ್ಲ.

ಅಂಗಡಿ, ಮಿಲ್ಲು, ಹೊಲದ ಮನೆಯ ಸಿಸಿಟಿವಿ ಡಿವಿಆರ್‌ಗಳಿಗೆ ಮೊಬೈಲಿನಲ್ಲಿ ನೋಡಲೆಂದು ಪೋರ್ಟ್ ಫಾರ್ವರ್ಡ್ (ಹೊರಗಿನ ಇಂಟರ್ನೆಟ್ಟಿನಿಂದ ನೇರ ಒಳಬರುವ ದಾರಿ) ಮಾಡಿಕೊಟ್ಟು, ಪಾಸ್‌ವರ್ಡ್ ಕಂಪನಿಯದೇ ಬಿಟ್ಟಿರುತ್ತಾರೆ. 2016ರಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಂನ ಹಾವಳಿ ನಡೆದದ್ದು ಇಂಥ ಡಿವಿಆರ್, ಕ್ಯಾಮೆರಾ, ರೂಟರ್‌ಗಳನ್ನು ಡಿಫಾಲ್ಟ್ ಪಾಸ್‌ವರ್ಡಿನಿಂದಲೇ ಹಿಡಿದು. ಪೋರ್ಟ್ ಫಾರ್ವರ್ಡ್ ತೆಗೆಸಿ, ಕ್ಯಾಮೆರಾಗಳನ್ನು ಗೆಸ್ಟ್ ನೆಟ್‌ವರ್ಕಿಗೆ ಹಾಕಿ. ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಕೊಡುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್, ಆಂಪ್ ಎರಡೂ ಹೊಂದುತ್ತವೆಯೇ ಓದಿ.

ಅಕೌಂಟುಗಳು

ಪಾಸ್‌ವರ್ಡ್ ಮ್ಯಾನೇಜರ್ ಒಂದು ಹಿಡಿಯಿರಿ. ಬಿಟ್‌ವಾರ್ಡನ್ ಆದರೆ ಫೋನು, ಕಂಪ್ಯೂಟರ್ ಎರಡರಲ್ಲೂ ಸಿಗುತ್ತದೆ, ಕೀಪಾಸ್‌ಎಕ್ಸ್‌ಸಿ ಆದರೆ ಫೈಲ್ ನಿಮ್ಮ ಹತ್ತಿರವೇ. ಅದರ ಮುಖ್ಯ ಪಾಸ್‌ವರ್ಡಿಗೆ ಸಂಬಂಧವೇ ಇಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಗಾದೆ, ವಚನದ ಸಾಲು ಬೇಡ, ಎಲ್ಲರಿಗೂ ಬಾಯಿಪಾಠ. ನಿಘಂಟನ್ನು ಕಣ್ಣುಮುಚ್ಚಿ ಆರು ಸಲ ತೆರೆದು ಸಿಕ್ಕ ಪದ ತೆಗೆದುಕೊಳ್ಳಿ.

ಜಿಮೇಲ್‌ಗೆ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಕೀಲಿ) ಹಾಕಿ. ನಕಲಿ ತಾಣದಲ್ಲಿ ಅದು ಕೆಲಸವನ್ನೇ ಮಾಡದು, ಅದೇ ಅದರ ಹೆಚ್ಚುಗಾರಿಕೆ. ಪಾಸ್‌ಕೀ ಇಲ್ಲದ ಕಡೆ ಅಥೆಂಟಿಕೇಟರ್ ಆ್ಯಪಿನ 6 ಅಂಕಿ. ಅದೂ ಇಲ್ಲದಿದ್ದರಷ್ಟೇ ಎಸ್‌ಎಂಎಸ್, ಏಕೆಂದರೆ ನಿಮ್ಮ ಹೆಸರಲ್ಲಿ ಇನ್ನೊಬ್ಬ ಸಿಮ್ ತೆಗೆದರೆ ಎಸ್‌ಎಂಎಸ್ ಅವನಿಗೆ ಹೋಗುತ್ತದೆ. ಊರಲ್ಲಿ ಎಲ್ಲರಿಗೂ ಸಿಗ್ನಲ್ ಇದ್ದು ನಿಮ್ಮ ಸಿಮ್ ಒಂದೇ ತಾಸುಗಟ್ಟಲೆ ಸತ್ತಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ. ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನ ಸಿಮ್‌ಗಳೆಷ್ಟಿವೆ ಎಂದು ನೋಡಬಹುದು. ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಡಿ, ಬೆರಳಚ್ಚು ಕದ್ದು ದುಡ್ಡು ತೆಗೆಯುವ ದಾರಿ ಮುಚ್ಚುತ್ತದೆ.

ಹಳೆಯ ಕಂಪ್ಯೂಟರಿನಲ್ಲಿ ಏನೇ ಮಾಡಿದರೂ ತಾಣಗಳೆಲ್ಲ ‘ಸುರಕ್ಷಿತವಲ್ಲ’ ಎನ್ನುತ್ತಿದ್ದರೆ, ಅಲ್ಲೇ ಓಡುವ ಅಥೆಂಟಿಕೇಟರಿನ 6 ಅಂಕಿಯೂ ತಪ್ಪಾಗುತ್ತಿದ್ದರೆ ಗಡಿಯಾರ ನೋಡಿ. ಬೋರ್ಡಿನ ಸಿಆರ್2032 ಬಿಲ್ಲೆ ಸತ್ತು ತಾರೀಖು ಹಿಂದಕ್ಕೆ ಹೋಗಿರುತ್ತದೆ. ಪ್ರಮಾಣಪತ್ರಕ್ಕೂ ಸರಿಯಾದ ಸಮಯ ಬೇಕು, ಆ ಅಂಕಿಗೂ ಬೇಕು. ವಾಚ್ ಅಂಗಡಿಯಲ್ಲೂ ಸಿಗುವ ಬಿಲ್ಲೆ ಅದು.

ವಾಟ್ಸ್ಆ್ಯಪ್‌ನಲ್ಲಿ ‘ಪಿಎಂ ಕಿಸಾನ್’, ‘ಆರ್‌ಟಿಒ ಚಲನ್’ ಎಂದು ಬರುವ ಎಪಿಕೆ ಫೈಲ್ ಎಸ್‌ಎಂಎಸ್ ಓದುವ ಕಳ್ಳ. ತೆರೆದುಬಿಟ್ಟಿದ್ದರೆ ಮೊದಲು ಏರೋಪ್ಲೇನ್ ಮೋಡ್. ದುಡ್ಡು ಹೋಗಿದ್ದರೆ ಬೇರೆ ಫೋನಿನಿಂದ 1930 (ಸೈಬರ್ ವಂಚನೆಯ ಸಹಾಯವಾಣಿ), ಜೊತೆಗೆ ಬ್ಯಾಂಕು, ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧದ) ಠಾಣೆ. ವ್ಯವಹಾರದ ಯುಟಿಆರ್ ನಂಬರ್ ಕೈಯಲ್ಲಿರಲಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಬೇಕು, ಆದ್ದರಿಂದ ‘ನಾಳೆ ಬೆಳಿಗ್ಗೆ ಹೋದರಾಯಿತು’ ಎನ್ನಬೇಡಿ.

ಬ್ಯಾಕಪ್

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲೋ ತಮ್ಮನ ಮನೆಯಲ್ಲೋ ಒಂದು. ಬೀರುವಿನಲ್ಲಿ ತಿಂಗಳುಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ. ಕರೆಂಟ್ ಇಲ್ಲದೆ ಬಿಸಿಯಲ್ಲಿ ಬಿದ್ದಿದ್ದರೆ ಅದರ ಚಾರ್ಜ್ ಸೋರುತ್ತದೆ. ಸವೆದ ಸಾಮಾನ್ಯ ಎಸ್‌ಎಸ್‌ಡಿ ದತ್ತಾಂಶ ಹಿಡಿದಿಡಬೇಕಾದ ಅವಧಿಯನ್ನು ಜೆಡೆಕ್ ಮಾನದಂಡ 30 ಡಿಗ್ರಿಯಲ್ಲಿ ಒಂದು ವರ್ಷ ಎಂದು ಲೆಕ್ಕ ಹಾಕಿದೆ, ನಮ್ಮ ಬೀರುಗಳು 30ಕ್ಕೆ ನಿಲ್ಲುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕೇ ಇಲ್ಲಿ ಮೇಲು. ಬ್ಯಾಕಪ್ ಮುಗಿದೊಡನೆ ವೈರ್ ಕೀಳಿ. ಹಾಕಿಯೇ ಬಿಟ್ಟರೆ ರ‍್ಯಾನ್‌ಸಮ್‌ವೇರ್ ಅದನ್ನೂ ಬೀಗ ಹಾಕುತ್ತದೆ, ಸಿಡಿಲು ಅದನ್ನೂ ಸುಡುತ್ತದೆ.

ರಿಕವರಿ ಕೀ, ಅಥೆಂಟಿಕೇಟರಿನ ಬ್ಯಾಕಪ್ ಕೋಡ್, ಮ್ಯಾನೇಜರಿನ ಮುಖ್ಯ ಪಾಸ್‌ವರ್ಡ್ ಮೂರನ್ನೂ ಬಾಲ್‌ಪೆನ್ನಿನಲ್ಲಿ ಕಾಗದದ ಮೇಲೆ ಬರೆದು ಹೊಲದ ಪತ್ರಗಳ ಜೊತೆ ಇಡಿ. ಥರ್ಮಲ್ ಪ್ರಿಂಟ್ ಬೇಡ, ಬಿಸಿಗೆ ಅಕ್ಷರ ಅಳಿಸಿಹೋಗುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಮೂರು ವರ್ಷ ಹಿಂದಿನ ಯಾವುದಾದರೂ ಒಂದು ಫೋಟೊ, ಒಂದು ಪಿಡಿಎಫ್ ತೆರೆದು ನೋಡಿ. ತೆರೆದರೆ ವೈರ್ ಕಿತ್ತು, ಬಟ್ಟೆಯಲ್ಲಿ ಸುತ್ತಿ, ಬೀರುವಿನ ಕೆಳಗಿನ ಅರೆಯಲ್ಲಿಡಿ. ಮೇಲಿನ ಅರೆ ಬಿಸಿ ಹೆಚ್ಚು.